ಬೀಗರಿಗೆ ಕುದುರೆಮುಖ ತೋರಿಸೋದು

ಅಕ್ಕಾ, ನಿನ್ನ ಮೆಸೇಜ್ ಕೇಳಿದೆ. ಅಕ್ಟೋಬರ್‌ನಲ್ಲಿ ಬೆಂಗಳೂರಿಂದ ಬೀಗರು 6 ಜನ ಬರ್ತಾರೆ, ಅದರಲ್ಲಿ ಇಬ್ಬರು 70 ದಾಟಿದವರು. ಕಳಸದಲ್ಲಿ ರಾತ್ರಿ ಉಳಿದು, ಮರುದಿನ ಕುದುರೆಮುಖ ರಾಷ್ಟ್ರೀಯ ಉದ್ಯಾನ ನೋಡ್ಕೊಂಡು ಕಾರ್ಕಳಕ್ಕೆ ಇಳೀಬೇಕು, ಹುಡುಗರಿಗೆ ಶಿಖರನೂ ಹತ್ತಬೇಕು ಅಂದಿದ್ದೆ.

ಶಿಖರ ಅದೇ ದಿನ ಬೇಡವೇ ಬೇಡ. ಚಾರಣ ಶುರುವಾಗೋ ಮುಳ್ಳೋಡಿ ಅನ್ನೋ ಹಳ್ಳಿಯಿಂದ ಹತ್ತಿ ಇಳಿಯೋಕೆ ಸುಮಾರು 18-20 ಕಿಲೋಮೀಟರ್ ನಡೀಬೇಕು, ಇಡೀ ದಿನ ಅದಕ್ಕೇ ಹೋಗುತ್ತೆ. ಮುಳ್ಳೋಡಿಗೆ ಹೋಗೋ ದಾರಿಗೆ ನಿಮ್ಮ ಕಾರು ಆಗಲ್ಲ, ಜೀಪೇ ಬೇಕು. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇರೋದ್ರಿಂದ ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ಮೊದಲೇ ಮಾಡ್ಬೇಕು. ಹುಡುಗರು ಒಂದು ದಿನ ಹೆಚ್ಚು ಉಳೀಲಿ.

ಹಿರಿಯರಿಗೆ ರಸ್ತೆಯೇ ನೋಟ. ಕಳಸದಿಂದ ಬೆಳಿಗ್ಗೆ 8ಕ್ಕೆ ಹೊರಡಿ. ಕುದುರೆಮುಖ ಪೇಟೆವರೆಗೆ ಭದ್ರಾ ನದಿ ಆಗಾಗ ಜೊತೆಗೆ ಬರುತ್ತೆ. ಪೇಟೆ ಯಾಕೆ ಹೀಗೆ ಖಾಲಿ ಅಂತ ಅವರು ಕೇಳೇ ಕೇಳ್ತಾರೆ. ಕಬ್ಬಿಣದ ಅದಿರಿನ ಗಣಿಗೋಸ್ಕರ ಕಟ್ಟಿದ ಊರು ಅದು. ಸುಪ್ರೀಂ ಕೋರ್ಟ್ ಆದೇಶದ ಮೇಲೆ 2005ರ ಕೊನೆಗೆ ಗಣಿ ನಿಂತಿತು. ಲಕ್ಯಾ ಅಣೆಕಟ್ಟು ಕೂಡ ಬೆಳೆಗೆ ನೀರು ಕೊಡೋಕೆ ಕಟ್ಟಿದ್ದಲ್ಲ, ಅದಿರು ತೊಳೆದ ಕೆಸರು ಹೊಳೆಗೆ ಹೋಗದ ಹಾಗೆ ನಿಲ್ಲಿಸೋಕೆ ಕಟ್ಟಿದ್ದು.

ಪೇಟೆ ದಾಟಿದ ಮೇಲೆ, ಹಳೇ ದಕ್ಷಿಣ ಕನ್ನಡ (ಸೌತ್ ಕೆನರಾ) ಜಿಲ್ಲೆಯ ಗಡಿಯಾದ ಎಸ್‌.ಕೆ. ಬಾರ್ಡರ್‌ವರೆಗಿನ ದಾರಿಯೇ ಇಡೀ ಪ್ರಯಾಣದ ಜೀವ. ಗುಡ್ಡದ ಮೈಯೆಲ್ಲ ಹುಲ್ಲು, ಕಣಿವೆಯ ಮಡಿಲಲ್ಲಿ ಮಾತ್ರ ದಟ್ಟ ಶೋಲಾ ಕಾಡು. ಮಳೆನೀರನ್ನ ಆ ಹುಲ್ಲು, ಕಾಡು ಎರಡೂ ಸೇರಿ ಹಿಡಿದಿಟ್ಟು ನಿಧಾನಕ್ಕೆ ಬಿಡೋದ್ರಿಂದಲೇ ಹೊಳೆಗಳು ಮಳೆ ನಿಂತ ಮೇಲೂ ಹರೀತವೆ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟೋದು ಇದೇ ಬೆಟ್ಟಗಳಲ್ಲಿ. ಅಕ್ಟೋಬರ್ ಆರಿಸಿದ್ದು ಬಹಳ ಒಳ್ಳೇದಾಯ್ತು: ಹುಲ್ಲು ಇನ್ನೂ ಹಸಿರಾಗಿರುತ್ತೆ, ಜಲಪಾತದಲ್ಲಿ ನೀರಿರುತ್ತೆ. ಜುಲೈನಲ್ಲಾದ್ರೆ ಮಂಜು ಬಿಟ್ಟು ಬೇರೇನೂ ಕಾಣಲ್ಲ.

ಒಂದು ವಿಷಯ ಡ್ರೈವರ್‌ಗೆ ಬಿಡಿಸಿ ಹೇಳು. ಚೆಕ್‌ಪೋಸ್ಟ್‌ನಲ್ಲಿ ಗಾಡಿ ನಂಬರು, ಒಳಗೆ ಬಂದ ಹೊತ್ತು ಬರ್ಕೊಳ್ತಾರೆ, ಎಷ್ಟು ಹೊತ್ತಲ್ಲಿ ದಾಟಿದ್ರಿ ಅಂತ ಆ ಕಡೆ ಗೇಟಲ್ಲಿ ನೋಡ್ತಾರೆ. ಅವರು ಕೊಡೋ ಚೀಟಿ ಜೋಪಾನ. ಕಂಡ ಕಂಡಲ್ಲಿ ನಿಲ್ಲಿಸಿ ಬುತ್ತಿ ಬಿಚ್ಚಿ ಕೂತ್ರೆ ಹೊತ್ತು ಮೀರಿ ದಂಡ ಬೀಳುತ್ತೆ. ತಿಂಡಿ ಕಳಸದಲ್ಲೇ ಮುಗಿಸಿ, ಪೆಟ್ರೋಲೂ ಅಲ್ಲೇ ತುಂಬಿಸಿ. ಒಳಗೆ ಫೋನ್ ಸಿಗ್ನಲ್ ನಂಬೋ ಹಾಗಿಲ್ಲ, ಎರಡು ಕಾರಾದ್ರೆ ಎಲ್ಲಿ ಸೇರೋದು ಅಂತ ಮೊದಲೇ ಮಾತಾಡ್ಕೊಳ್ಳಿ.

ಜಲಪಾತ ಎರಡಿವೆ. ಕಡಾಂಬಿ ರಸ್ತೆ ಬದಿಯಲ್ಲೇ ಇರೋದ್ರಿಂದ ಹಿರಿಯರಿಗೆ ಅದು ಸಾಕು. ಹನುಮನಗುಂಡಿಗೆ ಟಿಕೆಟ್ ತಗೊಂಡು ಮೆಟ್ಟಿಲು ಇಳೀಬೇಕು. ಇಳಿಯೋದು ಸುಲಭ, ವಾಪಸ್ ಹತ್ತುವಾಗ ಮಂಡಿನೋವಿನವರು ಸೋತುಹೋಗ್ತಾರೆ, ಮೆಟ್ಟಿಲು ಒದ್ದೆ ಇದ್ರೆ ಜಾರುತ್ತೆ. ಹುಡುಗರು ಮಾತ್ರ ಹೋಗ್ಲಿ, ಹವಾಯಿ ಚಪ್ಪಲಿ ಬೇಡ. ಇಂಬಳ (ಜಿಗಣೆ) ಹತ್ತಿದ್ರೆ ಕಿತ್ತು ಎಳೀಬಾರದು, ಉಪ್ಪು ಹಚ್ಚಿದ್ರೆ ತಾನೇ ಬಿಡುತ್ತೆ. ಒಂದು ಸಣ್ಣ ಬಟ್ಟೇಲಿ ಉಪ್ಪು ಕಟ್ಕೊಂಡಿರಿ.

ಮರದ ಮೇಲೆ ಸಿಂಗಳೀಕ ಕಂಡ್ರೆ ಪುಣ್ಯ. ಮುಖದ ಸುತ್ತ ಬೆಳ್ಳನೆ ಕೇಸರ ಇರೋ ಕರೀ ಕೋತಿ, ಪಶ್ಚಿಮ ಘಟ್ಟ ಬಿಟ್ಟು ಬೇರೆಲ್ಲೂ ಕಾಡಲ್ಲಿಲ್ಲ. ದಯವಿಟ್ಟು ಬಾಳೆಹಣ್ಣು ಎಸೀಬೇಡಿ. ತಿಂಡಿ ರುಚಿ ಹತ್ತಿದ್ರೆ ಮರ ಬಿಟ್ಟು ರಸ್ತೆಗೆ ಇಳಿದು ಗಾಡಿಗೆ ಸಿಕ್ಕಿ ಸಾಯ್ತವೆ.

ಎಸ್‌.ಕೆ. ಬಾರ್ಡರ್‌ನಲ್ಲಿ ದಾರಿ ಕವಲಾಗುತ್ತೆ, ಕೆರೆಕಟ್ಟೆ ಕಡೆಯದು ಶೃಂಗೇರಿಗೆ. ನೀವು ಮಾಳ ಘಾಟಿ ಇಳಿದು ಬಜಗೋಳಿ ಮೇಲೆ ಕಾರ್ಕಳಕ್ಕೆ. ಇಳಿಯುವಾಗ 2ನೇ ಗೇರು ಇರ್ಲಿ, ಬ್ರೇಕ್ ಒತ್ಕೊಂಡೇ ಬಂದ್ರೆ ಕಾದು ಹಿಡಿಯೋದೇ ಇಲ್ಲ. ಮಂಜು ಕವಿದ್ರೆ ಲೋ ಬೀಮ್ ಹಾಕ್ಲಿ, ಹೈ ಬೀಮ್ ಮಂಜಿಗೆ ಬಡಿದು ಕಣ್ಣಿಗೇ ವಾಪಸ್ ಬರುತ್ತೆ. ತಿರುವಿಗೆ ತಲೆ ಸುತ್ತೋರು ಮುಂದಿನ ಸೀಟಲ್ಲಿ ಕೂರ್ಲಿ. ವಾಂತಿ ಮಾತ್ರೆ ಹೊರಡೋ ಅರ್ಧ ಗಂಟೆ ಮುಂಚೆ ಕೊಡು, ಘಾಟಿ ಶುರುವಾದ ಮೇಲೆ ಕೊಟ್ರೆ ಕೆಲಸ ಮಾಡಲ್ಲ.