ಲೇಟೆಕ್‌ಗೆ ಎಸ್‌ವಿಜಿ ಚಿತ್ರ ಸೇರಿಸುವುದು ಹೇಗೆ?

ಪ್ರಶ್ನೆ:
ಲೇಟೆಕ್‌ನಲ್ಲಿ (ಪುಟ ಜೋಡಿಸುವ ತಂತ್ರಾಂಶ) ಪುಸ್ತಕ ಮಾಡುತ್ತಿದ್ದೇನೆ. ಅದಕ್ಕೆ ಇಂಕ್‌ಸ್ಕೇಪ್ ಎಂಬ ಚಿತ್ರ ಬರೆಯುವ ತಂತ್ರಾಂಶದಲ್ಲಿ ಹೃದಯದ ಚಿತ್ರ ಬರೆದು, ಭಾಗಗಳ ಹೆಸರನ್ನೆಲ್ಲ ಕನ್ನಡದಲ್ಲೇ ಹಾಕಿದ್ದೇನೆ. ಅದರ ಎಸ್‌ವಿಜಿ ಫೈಲನ್ನು (ಗೆರೆಗಳಾಗಿಯೇ ಉಳಿಸಿದ ಚಿತ್ರ) ಲೇಟೆಕ್‌ನಲ್ಲಿ ಚಿತ್ರ ಸೇರಿಸುವ ಇನ್‌ಕ್ಲೂಡ್‌ಗ್ರಾಫಿಕ್ಸ್ ಆದೇಶಕ್ಕೆ ನೇರವಾಗಿ ಕೊಟ್ಟರೆ ಎರರ್ ಬರುತ್ತದೆ. ಪಿಎನ್‌ಜಿ (ಚುಕ್ಕಿಗಳಿಂದಾದ ಚಿತ್ರ) ಮಾಡಿ ಹಾಕಿದರೆ ಪ್ರಿಂಟ್‌ನಲ್ಲಿ ಗೆರೆಗಳು ಮಸುಕು, ‘ಹೃತ್ಕುಕ್ಷಿ’ಯ ಒತ್ತಕ್ಷರ ಓದಲೂ ಆಗುವುದಿಲ್ಲ. ನಾಡಿದ್ದು ಪುಸ್ತಕ ಪ್ರೆಸ್ಸಿಗೆ ಹೋಗಬೇಕು, ದಯವಿಟ್ಟು ಹೇಳಿ.

ಉತ್ತರ 1:
ಲೇಟೆಕ್‌ಗೆ ಎಸ್‌ವಿಜಿ ನೇರವಾಗಿ ಅರ್ಥವಾಗುವುದಿಲ್ಲ. ಇಂಕ್‌ಸ್ಕೇಪ್‌ನಲ್ಲೇ ಪಿಡಿಎಫ್ ಆಗಿ ಸೇವ್ ಮಾಡಿ ಅದನ್ನು ಹಾಕಿ, ಗೆರೆ ಗೆರೆಯಾಗಿಯೇ ಉಳಿಯುತ್ತದೆ, ಎಷ್ಟು ದೊಡ್ಡದು ಮಾಡಿದರೂ ಒಡೆಯುವುದಿಲ್ಲ. ಅದಕ್ಕೂ ಮೊದಲು ಪುಟದ ಅಳತೆಯನ್ನು ಚಿತ್ರದ ಅಳತೆಗೆ ಇಳಿಸಿ. ಇಲ್ಲದಿದ್ದರೆ ಸುತ್ತ ಎ4 ಹಾಳೆಯಷ್ಟು ಖಾಲಿ ಜಾಗವೂ ಜೊತೆಗೆ ಬರುತ್ತದೆ.

ಉತ್ತರ 2:
ಕನ್ನಡ ಅಕ್ಷರ ಇದೆ ಅಲ್ವಾ, ಹಾಗಾದರೆ ಸೇವ್ ಮಾಡುವಾಗ ಟೆಕ್ಸ್ಟನ್ನು ಪಾತ್ (ಗೆರೆಯ ಆಕಾರ) ಆಗಿ ಬದಲಿಸುವ ಆಯ್ಕೆಗೆ ಟಿಕ್ ಹಾಕಿ. ಅಕ್ಷರಗಳೂ ಚಿತ್ರವಾಗುವುದರಿಂದ ಪ್ರೆಸ್ಸಿನಲ್ಲಿ ಫಾಂಟ್ ಇಲ್ಲದಿದ್ದರೂ ಒತ್ತಕ್ಷರ ಕೆಡುವುದಿಲ್ಲ. ಮೂಲ ಎಸ್‌ವಿಜಿ ಮಾತ್ರ ಜೋಪಾನ, ಕಾಗುಣಿತ ತಿದ್ದಬೇಕೆಂದರೆ ಅದೇ ಬೇಕು.

ಉತ್ತರ 3:
ಚಿತ್ರಗಳು ಜಾಸ್ತಿ ಇದ್ದರೆ ಲೇಟೆಕ್‌ಗೆ ಎಸ್‌ವಿಜಿ ಅನ್ನುವ ಪ್ಯಾಕೇಜೇ (ಹೆಚ್ಚುವರಿ ಸೇರ್ಪಡೆ) ಇದೆ, ಅದು ಇಂಕ್‌ಸ್ಕೇಪನ್ನು ತಾನೇ ಕರೆದು ಪಿಡಿಎಫ್ ಮಾಡಿಸಿಕೊಳ್ಳುತ್ತದೆ. ಅದಕ್ಕೆ ಶೆಲ್ ಎಸ್ಕೇಪ್ (ಬೇರೆ ಪ್ರೋಗ್ರಾಂ ನಡೆಸಲು ಲೇಟೆಕ್‌ಗೆ ಕೊಡುವ ಅನುಮತಿ) ಆನ್ ಮಾಡಬೇಕು. ಒಂದೇ ಚಿತ್ರಕ್ಕೆ ಸುಮ್ನೆ ಅಷ್ಟು ಕಷ್ಟ ಬೇಡ.

ಪ್ರಶ್ನೆ ಕೇಳಿದವರು:
ಪಾತ್ ಮಾಡಿ ಪಿಡಿಎಫ್ ಹಾಕಿದೆ. ‘ತ್ಕು’ ಈಗ ಸ್ಪಷ್ಟವಾಗಿ ಮೂಡಿದೆ. ತುಂಬಾ ಥ್ಯಾಂಕ್ಸ್!