ಪದಚರ್ಚೆ: ‘ಹೊರಗಿನ ಡ್ರೈವ್‌ನಿಂದ ಓಡಿಸು’ ಎಂದರೆ ಯಾವುದನ್ನು, ಎಲ್ಲಿಂದ?

ಪ್ರಶ್ನೆ

ಗೆಳೆಯರಿಗೆ ನಮಸ್ಕಾರ.

ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಹಲಗೆಯಲ್ಲಿ ರೆಟ್ರೋಪೈ ತಂತ್ರಾಂಶ ಹಾಕಿ ಹಳೆಯ ವಿಡಿಯೋ ಗೇಮ್‌ಗಳನ್ನು ಆಡುವವರಿಗಾಗಿ ಒಂದು ಕನ್ನಡ ಕೈಪಿಡಿ ಸಿದ್ಧವಾಗುತ್ತಿದೆ. ಅದರ ಒಂದು ಅಧ್ಯಾಯಕ್ಕೆ ‘ಮಿನಿ ಕಂಪ್ಯೂಟರನ್ನು ಹೊರಗಿನ ಡ್ರೈವ್‌ನಿಂದ ಓಡಿಸುವುದು’ ಎಂಬ ಹೆಸರಿದೆ. ಕರಡು ಓದಿದವರಲ್ಲಿ ಕೆಲವರು ಇನ್ನು ಎಸ್‌ಡಿ ಕಾರ್ಡೇ ಬೇಡ ಎಂದುಕೊಂಡರು. ಉಳಿದವರು ಆಟದ ಕಡತಗಳು ಮಾತ್ರ ಡ್ರೈವಿಗೆ ಹೋಗುತ್ತವೆ ಎಂದುಕೊಂಡರು. ಎರಡೂ ಆಗುವ ಕೆಲಸವೇ, ಆದರೆ ಮಾಡುವ ಕ್ರಮ ಬೇರೆ ಬೇರೆ. ಇವನ್ನು ಬೇರೆಯಾಗಿ ತೋರಿಸುವ ಮಾತು ಬೇಕಾಗಿದೆ. ಬೂಟ್ (ಯಂತ್ರ ಚಾಲೂ ಆಗುವುದು), ಫ್ಲ್ಯಾಶ್ (ವ್ಯವಸ್ಥೆಯನ್ನು ಕಾರ್ಡಿಗೋ ಡ್ರೈವಿಗೋ ಬರೆಯುವುದು), ಮೌಂಟ್ (ಡ್ರೈವನ್ನು ಒಂದು ಫೋಲ್ಡರಿನ ಜಾಗಕ್ಕೆ ಜೋಡಿಸುವುದು) ಇವುಗಳಿಗೆ ಕನ್ನಡ ಪದ ಬೇಕೆ, ಇದ್ದಂತೆಯೇ ಬಿಡಬೇಕೆ? ಬಲ್ಲವರು ತಿಳಿಸಿ.

ಉತ್ತರ 1

‘ಓಡಿಸು’ ಪದವನ್ನು ಈ ಅಧ್ಯಾಯದಿಂದಲೇ ತೆಗೆದುಬಿಡಿ. ಅದು ಆಟಕ್ಕೂ ಸಲ್ಲುತ್ತದೆ, ಯಂತ್ರಕ್ಕೂ ಸಲ್ಲುತ್ತದೆ. ನಮ್ಮ ವಿಭಕ್ತಿಗಳೇ ಈ ತೊಡಕನ್ನು ಬಿಡಿಸುತ್ತವೆ: ಪೈ ಡ್ರೈವ್‌‘ನಿಂದ’ ಬೂಟ್ ಆಗುತ್ತದೆ, ಆಟಗಳು ಡ್ರೈವ್‌‘ನಲ್ಲಿ’ ಇರುತ್ತವೆ. ಕೈಪಿಡಿಯುದ್ದಕ್ಕೂ ಇದನ್ನು ಬಿಡದೆ ಪಾಲಿಸಿ. ಬೂಟ್ ಪದವನ್ನು ಹಾಗೆಯೇ ಇಡಿ. ‘ಆರಂಭಿಸು’ ಎಂದು ಬರೆದರೆ ಆಟ ಆರಂಭಿಸುವುದೂ ಅದೇ ಮಾತಾಗಿ, ಮತ್ತೆ ಗೊಂದಲವೇ.

ಡ್ರೈವ್‌ನಿಂದ ಬೂಟ್ ಆಗುವುದು ಎಲ್ಲ ಪೈಗಳಿಗೂ ಒಂದೇ ರೀತಿಯಲ್ಲ ಎಂಬುದನ್ನು ಅಲ್ಲಿಯೇ ಹೇಳಬೇಕು. ಪೈ 3ಬಿ ಪ್ಲಸ್ ಕಾರ್ಖಾನೆಯಿಂದಲೇ ಅದಕ್ಕೆ ತಯಾರಾಗಿ ಬರುತ್ತದೆ. ಪೈ 3ಬಿಯಲ್ಲಿ ಕಾನ್ಫಿಗ್ ಎಂಬ ಹೊಂದಿಕೆಗಳ ಕಡತಕ್ಕೆ ಒಂದು ಸಾಲು ಸೇರಿಸಿ, ಕಾರ್ಡಿನಿಂದ ಒಮ್ಮೆ ಬೂಟ್ ಮಾಡಿದರೆ ಚಿಪ್ಪಿನೊಳಗಿನ ಒಂದು ಬಿಟ್ ಕಾಯಂ ಆಗಿ ಬದಲಾಗುತ್ತದೆ. ಅದನ್ನು ಹಿಂದಕ್ಕೆ ತಿರುಗಿಸಲಾಗದು, ಆದ್ದರಿಂದ ಇಲ್ಲಿ ‘ಆಯ್ಕೆ ಬದಲಿಸಿ’ ಎಂದು ಬರೆಯುವುದು ತಪ್ಪು. ಅದಕ್ಕಿಂತ ಹಳೆಯ ಪೈ 1ರಂಥ ಹಲಗೆಗಳಿಗೆ ಬೂಟ್‌ಕೋಡ್ ಎಂಬ ಒಂದೇ ಕಡತವಿರುವ ಚಿಕ್ಕ ಎಸ್‌ಡಿ ಕಾರ್ಡು ಯಾವಾಗಲೂ ಸಿಕ್ಕಿಸಿಯೇ ಇರಬೇಕು.

ಪೈ 4 ಬಂದದ್ದು 2019ರಲ್ಲಿ. ಯುಎಸ್‌ಬಿ ಬೂಟ್ ಅದರ ಬೂಟ್‌ಲೋಡರಿನ (ಕರೆಂಟ್ ಕೊಟ್ಟೊಡನೆ ನಡೆಯುವ ಮೊದಲ ಪ್ರೋಗ್ರಾಮಿನ) ಸ್ಥಿರ ಆವೃತ್ತಿಗೆ ಸೇರಿದ್ದು 2020ರ ಸೆಪ್ಟೆಂಬರಿನಲ್ಲಿ. ಅದಕ್ಕಿಂತ ಹಳೆಯ ಬೂಟ್‌ಲೋಡರ್ ಇದ್ದರೆ ಮೊದಲು ಅದನ್ನೇ ನವೀಕರಿಸಬೇಕು. ಕಾರ್ಡು, ಡ್ರೈವುಗಳಿಗೆ ವ್ಯವಸ್ಥೆ ಬರೆಯುವ ರಾಸ್‌ಬೆರಿ ಪೈ ಇಮೇಜರ್ ಎಂಬ ತಂತ್ರಾಂಶದಲ್ಲಿ ಇದಕ್ಕೆಂದೇ ಒಂದು ಚಿಕ್ಕ ಇಮೇಜ್ (ಇಡೀ ಡ್ರೈವಿನ ಅಚ್ಚುಪ್ರತಿಯಂಥ ಕಡತ) ಇದೆ. ಅದನ್ನು ಕಾರ್ಡಿಗೆ ಬರೆದು ಪೈಗೆ ಕರೆಂಟ್ ಕೊಡಿ. ಪರದೆಯೆಲ್ಲ ಹಸಿರಾದರೆ ಕೆಲಸ ಆಯಿತು. ಯಾವುದರಿಂದ ಬೂಟ್ ಆಗಬೇಕೆಂಬ ಸರದಿ ಹೇಳುವ ಬೂಟ್ ಆರ್ಡರ್‌ನ ಅಂಕೆಗಳನ್ನು ಬಲದಿಂದ ಎಡಕ್ಕೆ ಓದಬೇಕು ಎಂಬುದು ಬಹಳ ಜನಕ್ಕೆ ತೊಡಕಾಗುವ ಜಾಗ. ಎಫ್41 ಎಂದಿದ್ದರೆ ಮೊದಲು 1, ಅಂದರೆ ಎಸ್‌ಡಿ ಕಾರ್ಡು. ಆಮೇಲೆ 4, ಅಂದರೆ ಯುಎಸ್‌ಬಿ. ಎರಡೂ ಸಿಗದಿದ್ದರೆ ಎಫ್, ಅಂದರೆ ಮೊದಲಿನಿಂದ ಮತ್ತೆ ಹುಡುಕು. ಹೀಗಿದ್ದಾಗ ಬೂಟ್ ಆಗುವ ಕಾರ್ಡು ಒಳಗೇ ಉಳಿದರೆ ಪೈ ಡ್ರೈವಿನ ಕಡೆ ನೋಡುವುದೇ ಇಲ್ಲ. ‘ಡ್ರೈವ್ ಕೆಟ್ಟಿದೆ’ ಎಂಬ ದೂರಿಗೆ ಎಷ್ಟೋ ಸಲ ಕಾರಣ ಇಷ್ಟೇ.

ಫ್ಲ್ಯಾಶ್‌ಗೆ ‘ಬರೆ’ ಸಾಕು, ‘ಹಾಕು’ ಬೇಡ. ‘ಇಮೇಜನ್ನು ಡ್ರೈವಿಗೆ ಹಾಕಿ’ ಎಂದು ಓದಿದವರು ಆ ಕಡತವನ್ನು ಎಳೆದು ಡ್ರೈವಿನೊಳಗೆ ನಕಲು ಮಾಡುತ್ತಾರೆ. ಅದರಿಂದ ಯಾವ ಪೈಯೂ ಬೂಟ್ ಆಗದು. ‘ಇಮೇಜರ್‌ನಿಂದ ಡ್ರೈವಿನ ಮೇಲೆ ಬರೆಯಿರಿ, ಅದರಲ್ಲಿದ್ದುದೆಲ್ಲ ಅಳಿಯುತ್ತದೆ’ ಎಂದು ಒಂದೇ ಉಸಿರಿನಲ್ಲಿ ಹೇಳಿ. ಬರೆದಾದ ಮೇಲೆ ವಿಂಡೋಸ್‌ಗೆ ಬೂಟ್ ಇರುವ ಚಿಕ್ಕ ವಿಭಾಗ ಮಾತ್ರ ಓದಲು ಬರುತ್ತದೆ. ಉಳಿದದ್ದು ಲಿನಕ್ಸ್‌ನ ವಿಭಾಗ. ಅದನ್ನು ಫಾರ್ಮ್ಯಾಟ್ ಮಾಡಲೇ ಎಂದು ವಿಂಡೋಸ್ ಕೇಳುತ್ತದೆ. ಬೇಡ ಎನ್ನಬೇಕು.

‘ಮಿನಿ ಕಂಪ್ಯೂಟರ್’ ಬಗ್ಗೆಯೂ ಒಂದು ಮಾತು. 1970ರಲ್ಲಿ ಬಂದ ಪಿಡಿಪಿ-11ರಂಥ ದೊಡ್ಡ ಯಂತ್ರಗಳ ವರ್ಗಕ್ಕೆ ಆ ಹೆಸರು ಮೊದಲೇ ಸಂದಿದೆ. ಅಂಗೈಯಗಲದ ಪೈಗೆ ‘ಒಂಟಿ ಹಲಗೆಯ ಕಂಪ್ಯೂಟರ್’ ಹೆಚ್ಚು ಸರಿ.

ಉತ್ತರ 2

ಮೇಲಿನ ಮಾತುಗಳನ್ನು ಒಪ್ಪುತ್ತೇನೆ. ಮೌಂಟ್‌ಗೆ ಮಾತ್ರ ಕನ್ನಡ ಪದವೇ ಬೇಕು, ಏಕೆಂದರೆ ಅಲ್ಲಿ ಏನಾಗುತ್ತದೆ ಎಂಬುದು ಪದದಲ್ಲೇ ಕಾಣಬೇಕು. ‘ಆರೋಹಿಸು’ ಎಂದರೆ ಓದುಗನಿಗೆ ಬೆಟ್ಟ ಕಾಣುತ್ತದೆ. ‘ಕೂರಿಸು’ ಎನ್ನಿ. ಕೊಳವೆಬಾವಿಗೆ ಮೋಟಾರು ಕೂರಿಸಿದರು ಎಂದಾಗ ಇರುವ ಅರ್ಥವೇ ಇಲ್ಲಿಯೂ: ಒಂದನ್ನು ಅದರ ಜಾಗದಲ್ಲಿ ನೆಲೆಗೊಳಿಸಿ ಕೆಲಸಕ್ಕೆ ಹಚ್ಚುವುದು.

ಆಟಗಳಷ್ಟೇ ಡ್ರೈವ್‌ನಲ್ಲಿ ಇರಬೇಕಾದಾಗ ನಡೆಯುವುದು ಇದೇ. ಡ್ರೈವಿನಲ್ಲಿ ‘ರೆಟ್ರೋಪೈ-ಮೌಂಟ್’ ಎಂಬ ಖಾಲಿ ಫೋಲ್ಡರ್ ಮಾಡಿ, ಚಾಲೂ ಇರುವ ಪೈಗೆ ಸಿಕ್ಕಿಸಬೇಕು. ಕಾರ್ಡಿನ ರೆಟ್ರೋಪೈ ಫೋಲ್ಡರಿನಲ್ಲಿದ್ದುದೆಲ್ಲ ಅದಕ್ಕೆ ನಕಲಾಗುತ್ತದೆ. ಡ್ರೈವಿನ ದೀಪ ಮಿನುಗುವುದು ನಿಲ್ಲುವ ತನಕ ಕಾಯಬೇಕು. ಆಮೇಲೆ ಪ್ರತಿ ಬೂಟಿನಲ್ಲೂ ಡ್ರೈವಿನ ಫೋಲ್ಡರು ಕಾರ್ಡಿನ ಫೋಲ್ಡರಿನ ಮೇಲೆ ಕೂರುತ್ತದೆ. ‘ಮೇಲೆ’ ಎಂಬುದನ್ನು ಒತ್ತಿ ಹೇಳಬೇಕು. ಕೆಳಗಿನದು ಅಳಿದಿಲ್ಲ, ಮರೆಯಾಗಿದೆ ಅಷ್ಟೆ. ಡ್ರೈವ್ ಇಲ್ಲದೆ ಬೂಟ್ ಮಾಡಿದರೆ ಕಾರ್ಡಿನಲ್ಲಿದ್ದ ಹಳೆಯ ಪಟ್ಟಿಯೇ ಮತ್ತೆ ಕಾಣುತ್ತದೆ. ಆಟಗಳೆಲ್ಲ ಹೋದವು ಎಂದು ಜನ ಗಾಬರಿಯಾಗುವುದು ಆಗಲೇ. ಇದೇ ಕೆಲಸವನ್ನು, ಯಾವ ಡ್ರೈವ್ ಎಲ್ಲಿ ಕೂರಬೇಕೆಂದು ಬರೆದಿಡುವ ಎಫ್‌ಎಸ್‌ಟ್ಯಾಬ್ ಕಡತದಿಂದ ಮಾಡುವವರು ಆ ಸಾಲಿನಲ್ಲಿ ‘ನೋಫೇಲ್’ ಸೇರಿಸಲೇಬೇಕು. ಇಲ್ಲದಿದ್ದರೆ ಡ್ರೈವ್ ಸಿಗದ ದಿನ ಪೈ ಬೂಟ್ ಆಗದೆ ಎಮರ್ಜೆನ್ಸಿ ಮೋಡ್‌ಗೆ ಹೋಗಿ ನಿಲ್ಲುತ್ತದೆ.

ಅನ್‌ಮೌಂಟ್‌ಗೆ ‘ಇಳಿಸು’ ಇರಲಿ, ಕೈಯಿಂದ ಎಳೆಯುವುದಕ್ಕೆ ‘ಕೀಳು’. ಈ ಭೇದಕ್ಕೆ ಕಾರಣವಿದೆ. ಆಟದೊಳಗೆ ಮಾಡಿದ ಸೇವ್, ರೆಟ್ರೋಪೈಯಲ್ಲಿ ಆಟಗಳನ್ನು ನಡೆಸುವ ರೆಟ್ರೋಆರ್ಚ್‌ನಲ್ಲಿ, ಸಾಮಾನ್ಯವಾಗಿ ಆಟದಿಂದ ಹೊರಬಂದಾಗಲೇ ಕಡತಕ್ಕೆ ಸೇರುವುದು. ನಡುವೆ ಕರೆಂಟ್ ತೆಗೆದರೂ, ಡ್ರೈವ್ ಕಿತ್ತರೂ ಅಷ್ಟೂ ಹೋಯಿತು. ಆದ್ದರಿಂದ ಕ್ರಮ ಹೀಗಿರಲಿ: ಆಟದಿಂದ ಹೊರಬನ್ನಿ, ಮೆನುವಿನಿಂದ ಶಟ್‌ಡೌನ್ ಮಾಡಿ (ಡ್ರೈವ್ ಇಳಿಯುವುದು ಆಗಲೇ), ಹಸಿರು ದೀಪ ಸುಮ್ಮನಾದ ಮೇಲೆ ಕೀಳಿ.

ಪ್ರಶ್ನೆ ಕೇಳಿದವರಿಂದ

‘ಕೂರಿಸು, ಇಳಿಸು, ಕೀಳು’ ಮೂರನ್ನೂ ತೆಗೆದುಕೊಳ್ಳುತ್ತಿದ್ದೇನೆ, ಧನ್ಯವಾದ. ಪರದೆಯ ಮೂಲೆಯಲ್ಲಿ ಮಿಂಚಿನ ಗುರುತು ಬಂದಾಗ ಏನೆನ್ನಬೇಕು? ‘ಊನ ವಿಭವಾಂತರ’ ಎಂಬ ಸಲಹೆ ಬಂದಿದೆ.

ಉತ್ತರ 1ರವರಿಂದ

‘ಲೋ ವೋಲ್ಟೇಜ್’ ಎನ್ನಿ. ಪಂಪ್‌ಸೆಟ್ ಇರುವ ಮನೆಗಳಲ್ಲಿ ಅದರ ಅರ್ಥ ಯಾರಿಗೂ ಹೇಳಿಕೊಡಬೇಕಿಲ್ಲ. ಆ ಗುರುತು ಬಂದರೆ ಅಡಾಪ್ಟರ್ ಅಥವಾ ಅದರ ಕೇಬಲ್ ಸಾಲುತ್ತಿಲ್ಲ ಎಂದೇ ತಿಳಿಯಬೇಕು. ಪೈ 4ಕ್ಕೆ 5 ವೋಲ್ಟ್ 3 ಆಂಪಿಯರ್ ಅಡಾಪ್ಟರ್ ಬೇಕು. ಅದರ ನಾಲ್ಕೂ ಯುಎಸ್‌ಬಿ ಕಿಂಡಿಗಳು ಸೇರಿ ಕೊಡುವುದು 1.2 ಆಂಪಿಯರ್ ಮಾತ್ರ. ತಿರುಗುವ ಹಾರ್ಡ್ ಡಿಸ್ಕ್ ಶುರುವಾಗುವ ಕ್ಷಣದಲ್ಲಿ ಅದರ ಬಹುಪಾಲನ್ನು ಎಳೆಯಬಹುದು. ಆದ್ದರಿಂದ ಅಂಥ ಡಿಸ್ಕಿಗೆ ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಹೇಳಿ. ತಿರುಗುವ ಭಾಗವಿಲ್ಲದ ಎಸ್‌ಎಸ್‌ಡಿ ಆದರೆ ಸಾಮಾನ್ಯವಾಗಿ ನೇರವಾಗಿಯೇ ನಡೆಯುತ್ತದೆ. ಪೈ 5ರಲ್ಲಿ 5 ಆಂಪಿಯರ್ ಅಡಾಪ್ಟರ್ ಇಲ್ಲದಿದ್ದರೆ ಆ ಮಿತಿ 600 ಮಿಲಿಆಂಪಿಯರಿಗೆ ಇಳಿಯುತ್ತದೆ.

ಲೋ ವೋಲ್ಟೇಜ್ ಇಲ್ಲದೆಯೂ ಆಟ ಅರ್ಧ ನಿಮಿಷ ನಿಂತು ಮುಂದುವರಿಯುತ್ತಿದ್ದರೆ ಎಸ್‌ಎಸ್‌ಡಿಯ ಕೇಸಿನೊಳಗಿನ ಚಿಪ್ಪನ್ನು ಅನುಮಾನಿಸಿ. ಕೆಲವು ಚಿಪ್ಪುಗಳಿಗೆ ಪೈ ಜೊತೆ ಯುಎಎಸ್ ಎಂಬ ವೇಗದ ಯುಎಸ್‌ಬಿ ವಿಧಾನ ಹೊಂದುವುದಿಲ್ಲ. ಬೂಟ್ ಆಗುವಾಗ ಪೈ ಓದುವ ಸಿಎಂಡಿಲೈನ್ ಕಡತದಲ್ಲಿ ಆ ಚಿಪ್ಪಿನ ಗುರುತು ಸಂಖ್ಯೆ ಕೊಟ್ಟು ಯುಎಎಸ್ ನಿಲ್ಲಿಸಬಹುದು, ವೇಗ ತುಸು ತಗ್ಗುತ್ತದೆ. ಆ ಕಡತದಲ್ಲಿರುವುದೆಲ್ಲ ಒಂದೇ ಸಾಲಿನಲ್ಲಿ ಇರಬೇಕು, ನಡುವೆ ಎಂಟರ್ ಒತ್ತಿದರೆ ಪೈ ಬೂಟ್ ಆಗದೆ ಹೋಗಬಹುದು.