‘ಪಾಲಿಗೆ ಸಾಕುವುದು’: ಕರಾರಿನಲ್ಲಿ ಯಾವ ಪದ?

ಪ್ರಶ್ನೆ: ಉಡುಪಿ ಕಡೆಯ ಒಬ್ಬರ ಎರಡು ದನಗಳನ್ನು ನೆರೆಯವರು ತಮ್ಮ ಹಟ್ಟಿಯಲ್ಲಿ ಸಾಕುವುದು, ಹಾಲು ಸಾಕುವವರಿಗೆ, ಕರುವಿನಲ್ಲಿ ಅರ್ಧ ಪಾಲು ಎಂಬ ಮಾತಾಗಿದೆ. ಕರಾರಿಗೆ ‘ಪಾಲುದಾರಿಕೆ ಪತ್ರ’ ಎಂದು ಹೆಸರಿಡಲೇ, ‘ಗೇಣಿಚೀಟಿ’ ಎನ್ನಲೇ? ‘ಹಟ್ಟಿ’ ಎಂದು ಬರೆದರೆ ಎಲ್ಲರಿಗೂ ತಿಳಿದೀತೇ?

ಉತ್ತರ: ಎರಡೂ ಬೇಡ ಮಾರಾಯ್ರೆ. ಪಾಲುದಾರಿಕೆ ಎಂದರೆ 1932ರ ಕಾಯ್ದೆ ನೆನಪಾಗುತ್ತದೆ. ಅದರಡಿ ವ್ಯವಹಾರಕ್ಕಾಗಿ ಒಬ್ಬ ಮಾಡಿದ ಸಾಲಕ್ಕೆ ಇನ್ನೊಬ್ಬನೂ ಹೊಣೆ. ಹೆಸರು ಹಾಗಿದ್ದ ಮಾತ್ರಕ್ಕೆ ಪಾಲುದಾರಿಕೆ ಆಗಿಬಿಡುವುದಿಲ್ಲ, ಆದರೆ ಹಿಂಡಿ ಅಂಗಡಿಯ ಬಾಕಿ ದನದ ಯಜಮಾನನ ತನಕ ಬಂದಾಗ ವಾದಕ್ಕೆ ಎಡೆಯಾಗುತ್ತದೆ. ಗೇಣಿ ಇನ್ನೂ ತೊಡಕು. ಮೂಲಗೇಣಿ, ಚಾಲಗೇಣಿ ಎಂಬ ಜಮೀನು ಗೇಣಿಗಳನ್ನು ಕಂಡ ಈ ಜಿಲ್ಲೆಗಳಲ್ಲಿ ಆ ಪದ ಕೇಳಿದರೆ ಭೂಮಿಯೇ ಕಣ್ಣಮುಂದೆ ಬರುವುದು.

ಕಾನೂನಿನ ದೃಷ್ಟಿಯಲ್ಲಿ ಇದು ಒಬ್ಬರ ಸೊತ್ತನ್ನು ಇನ್ನೊಬ್ಬರು ನೋಡಿಕೊಂಡು ಹಿಂತಿರುಗಿಸುವ ಕರಾರು. 1872ರ ಕರಾರು ಕಾಯ್ದೆಯ 163ನೇ ಕಲಮು ಕೊಡುವ ಉದಾಹರಣೆಯೂ ದನದ್ದೇ: ನೋಡಿಕೊಳ್ಳಲು ಬಿಟ್ಟ ದನ ಕರು ಹಾಕಿದರೆ, ಕರುವನ್ನೂ ಸೇರಿಸಿ ಮಾಲೀಕನಿಗೆ ಒಪ್ಪಿಸಬೇಕು. ಬೇರೆ ಒಪ್ಪಂದ ಇದ್ದರೆ ಮಾತ್ರ ವಿನಾಯಿತಿ. ಅಂದರೆ ‘ಅರ್ಧ ಪಾಲು’ ಬಾಯಿಮಾತಿನಲ್ಲೇ ಉಳಿದರೆ ಸಾಕಿದವರು ಅದನ್ನು ಸಾಬೀತು ಮಾಡುವುದು ಕಷ್ಟ. ‘ದನ ಸಾಕಣೆ ಕರಾರು’ ಎಂದು ಹೆಸರಿಟ್ಟು, ಒಳಗೆ ‘ಪಾಲಿಗೆ’ ಪದವನ್ನು ಬಿಡಿಸಿ ಬರೆಯಿರಿ.

ಬಿಡಿಸುವುದೆಂದರೆ ಹೀಗೆ. ಒಂದು ಕರುವನ್ನು ಅರ್ಧ ಮಾಡಲಾಗದು. ಆದ್ದರಿಂದ ಮೊದಲ ಕರು ಯಾರಿಗೆ, ಎರಡನೆಯದು ಯಾರಿಗೆ, ಅಥವಾ ಎಷ್ಟು ತಿಂಗಳಿಗೆ ಬೆಲೆ ಕಟ್ಟಿ ಹಂಚುವುದು ಎಂದು ನಮೂದಿಸಬೇಕು. ಜಗಳ ಹುಟ್ಟುವುದು ಹೆಚ್ಚಾಗಿ ಗಂಡುಗರುವಿನಲ್ಲಿ: ಯಾರಿಗೂ ಬೇಡ, ಮೇವಿನ ಖರ್ಚು ಮಾತ್ರ ನಿಲ್ಲುವುದಿಲ್ಲ. ‘ಕರು’ ಎಂದಷ್ಟೇ ಬರೆಯದೆ ಹೆಣ್ಣು, ಗಂಡು ಎರಡಕ್ಕೂ ಬೇರೆ ವಾಕ್ಯವಿರಲಿ. ದನದ ಗುರುತಿಗೆ ‘ಕೆಂಪು ದನ’ ಸಾಲದು. ಕಿವಿಯೋಲೆಯ (ದನದ ಕಿವಿಗೆ ಹಾಕುವ ಗುರುತಿನ ಬಿಲ್ಲೆ) 12 ಅಂಕಿ, ಎಷ್ಟನೇ ಸೂಲು, ಗಬ್ಬವಿದೆಯೇ, ಕೊಡುವ ದಿನದ ಬೆಲೆ ಇವೂ ಬೇಕು. ವಿಮೆ ಇದ್ದರೆ, ಓಲೆ ಬಿದ್ದುಹೋದಾಗ ಯಾರು ತಿಳಿಸಬೇಕು ಎಂದೂ ಸೇರಿಸಿ. ಓಲೆಯಿಲ್ಲದೆ, ಮರಣೋತ್ತರ ಪರೀಕ್ಷೆಯಿಲ್ಲದೆ ಹೂತುಬಿಟ್ಟರೆ ವಿಮೆ ಹಣ ಸಿಗುವುದು ಕಷ್ಟ. ದನ ಸತ್ತರೆ ನಷ್ಟ ಯಾರದು ಎಂಬುದಕ್ಕೆ ಅದೇ ಕರಾರು ಕಾಯ್ದೆಯ 151, 152ನೇ ಕಲಮುಗಳಿವೆ: ಸ್ವಂತ ದನಕ್ಕೆ ವಿವೇಕಿಯಾದವನು ವಹಿಸುವಷ್ಟು ಕಾಳಜಿ ವಹಿಸಿದ್ದರೆ ಸಾಕಿದವರು ಹೊಣೆಯಲ್ಲ, ಕರಾರಿನಲ್ಲಿ ಬೇರೆ ಹೇಳದಿದ್ದರೆ.

‘ಹಟ್ಟಿ’ ಧಾರಾಳವಾಗಿ ಬರೆಯಿರಿ, ಮೊದಲ ಸಲ ‘ದನದ ಹಟ್ಟಿ’ ಎನ್ನಿ. ಚಿತ್ರದುರ್ಗದ ಕಡೆ ಹಟ್ಟಿ ಎಂದರೆ ಜನವಸತಿ. ‘ದೊಡ್ಡಿ’ ಮಾತ್ರ ಬೇಡ, ಬೀಡಾಡಿ ದನ ಕೂಡುವ ಪಂಚಾಯತಿನ ಜಾಗ ಎಂದು ಓದಿಯಾರು. ಮೇಯಿಸುವ ಜಾಗ ಕುಮ್ಕಿಯಾದರೆ ‘ಸ್ವಂತ ಹುಲ್ಲುಗಾವಲು’ ಎಂದು ಬರೆಯಬೇಡಿ. ಕುಮ್ಕಿ ಸರ್ಕಾರಿ ಜಮೀನು, ಅದರ ಪಕ್ಕದ ಸ್ವಂತ ಜಮೀನಿನ ಒಡೆಯನಾದ ವರ್ಗದಾರನಿಗಿರುವುದು ಬಳಸುವ ಸವಲತ್ತು ಅಷ್ಟೆ.